ಸೊರೆಬಿಡದ ಎಮ್ಮೆ

ಪ್ರವಾಸಿ ಮಂದಿರ, ಹಿರೇಕೆರೂರು
೧೬-೩-೧೯೮೩

ಪ್ರೀತಿಯ ಗೋಪಿಕಾ,

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ನಾನಿಲ್ಲವೆಂದು ಸೀಸೆಯನ್ನು ಮೂಲೆಗೆ ತಳ್ಳಿದ್ದೀಯೋ? ನಾನು ಆರೋಗ್ಯವಾಗಿದ್ದೇನೆ, ಊಟ ಮಾತ್ರ ಸೇರುತ್ತಿಲ್ಲ. ಅಡುಗೆಯವನ ತಪ್ಪಲ್ಲ. ಇಲ್ಲಿ ಕಂಡದ್ದಕ್ಕೆ ಹೇಸಿಕೆಯಾಗಿದೆ.

ಹೊರಡುವಾಗ ನೀನು ಬಾಗಿಲಲ್ಲಿ ನಿಂತು, "ನಮ್ಮ ಜಯತೀರ್ಥನ ಬಡ್ತಿ ನಿಮ್ಮ ವರದಿ ಮ್ಯಾಲೆ ನಿಂತದ, ಮರೀಬ್ಯಾಡ್ರಿ" ಎಂದೆ. ಮರೆತಿಲ್ಲ. ಈ ನಾಲ್ಕು ತಾಲೂಕುಗಳ ಬಡ ವಿಧವೆಯರಿಗೆ ಎಮ್ಮೆ ಹಂಚಿದ ಅಧಿಕಾರಿ ನಿನ್ನ ತಮ್ಮನೇ. ಆಯವ್ಯಯದ ಕಾರ್ಯಸಾಧನೆ ಮತ್ತು ಆಡಳಿತ ಸುಧಾರಣೆಯ ಕಾರ್ಯದರ್ಶಿ ಎಂದು ನನ್ನ ಕಚೇರಿಗೆ ಉದ್ದದ ಹಲಗೆ ಹಾಕಿದ್ದಾರಲ್ಲ, ಅದರ ಅರ್ಥ ಇಷ್ಟೇ: ಸರ್ಕಾರ ಕೊಟ್ಟೆ ಎಂದದ್ದು ಬಡವರ ಮನೆ ಮುಟ್ಟಿತೇ ಎಂದು ಕಣ್ಣಾರೆ ನೋಡುವುದು.

ಹಾನಗಲ್ಲಿನಲ್ಲಿ ಚೌಡವ್ವ ಎಂಬವಳ ಎಮ್ಮೆ ತೋರಿಸಿದರು. ಒಂದು ಕೋಡು ಕಣ್ಣಿನತ್ತ ಬಾಗಿತ್ತು, ಪಕ್ಕದಲ್ಲಿ ಹುಲ್ಲು ಕಚ್ಚಲು ಬಾರದ ಎಳೆಗರು. ಸಂತೋಷಪಟ್ಟೆ. ಶಿಗ್ಗಾವಿಯಲ್ಲಿ ಬೇರೆ ಹೆಂಗಸು, ಅದೇ ಕೋಡು. ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದುಕೊಂಡೆ. ಸವಣೂರಿನ ಮುದಕವ್ವನ ಅಂಗಳದಲ್ಲೂ ಅದೇ ಕೋಡು! ಕರು ಮಾತ್ರ ಇಲ್ಲ. ಹಾಲು ಕರೆದು ತೋರಿಸಮ್ಮ ಎಂದೆ. ಎಷ್ಟು ನೇವರಿಸಿದರೂ ಎಮ್ಮೆ ಸೊರೆಬಿಡಲಿಲ್ಲ, ಕೆಚ್ಚಲಿಗೆ ಹಾಲು ಇಳಿಯಲೇ ಇಲ್ಲ. ಕಡೆಗೆ ಚರಿಗೆ ಕೆಳಗಿಟ್ಟು ಅತ್ತೇಬಿಟ್ಟಳು: "ಕರ ಹಾನಗಲ್ಲಾಗ ಐತ್ರಿ ಸಾಹೇಬ್ರ, ಹೆಂಗ ಹಾಲು ಬಿಡ್ತೈತಿ? ಇದು ನಂದಲ್ರಿ. ನನಗ ಎಮ್ಮಿ ಕೊಟ್ಟೇ ಇಲ್ರಿ." ನನ್ನ ಜೀಪಿಗಿಂತ ಮುಂಚೆ ಒಂದೇ ಎಮ್ಮೆಯನ್ನು ಲಾರಿಯಲ್ಲಿ ಊರಿಂದ ಊರಿಗೆ ಸಾಗಿಸುತ್ತಿದ್ದರು.

ಇವತ್ತು ಚೌಡವ್ವ ಬಸ್ಸು ಹಿಡಿದು ಇಲ್ಲಿಗೇ ಬಂದು ತನ್ನ ಎಮ್ಮೆ ಕೇಳಿದಳು. ಹಾಲಿಲ್ಲದೆ ಕರು ಸತ್ತಿದೆ. ಜಯತೀರ್ಥ ಅವಳ ಎದುರೇ ನಕ್ಕ. "ಇನ್ನೊಂದು ಕರ ಕೊಡಿಸಿದ್ರಾತು ಭಾವ, ಅದಕ್ಯಾಕ ಮಾರಿ ಸಣ್ಣ ಮಾಡ್ತೀರಿ?" ಥೂ! ನಮ್ಮ ಮನೆಯ ಪಂಕ್ತಿಯಲ್ಲಿ ಕೂತು ಉಂಡವನು. ಉಳಿದ ಅಧಿಕಾರಿಗಳೂ ನಕ್ಕರು, ನಾನೂ ನಗಬಹುದೆಂದು ನನ್ನ ಮುಖ ನೋಡಿದರು.

ಮಕ್ಕಳಿಗೆ ಆಶೀರ್ವಾದ. ನಿನ್ನ ತಾಯಿಯವರಿಗೆ ನಮಸ್ಕಾರ ತಿಳಿಸು, ಆದರೆ ಇದನ್ನು ಅವರಿಗೆ ಓದಿ ಹೇಳಬೇಡ.

ನಿನ್ನ
ಮಧ್ವೇಶ

ತಾ.ಕ.: ಅಂಚೆಗೆ ಹೋಗುವವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ವರದಿ ಮುಗಿಸಿದೆ. ಬಡ್ತಿಯಲ್ಲ, ಜಯತೀರ್ಥನನ್ನು ಅಮಾನತು ಮಾಡಿ ಎಂದು ಬರೆದಿದ್ದೇನೆ, ಅವನಿಗೂ ಹೇಳಿದ್ದೇನೆ. ನಿನ್ನ ಹತ್ತಿರ ಬರುತ್ತಾನೆ, ಅಳುತ್ತಾನೆ. ಅಕ್ಕನಾಗಿ ಹೊಟ್ಟೆ ತುಂಬ ಊಟ ಹಾಕು. ನಾನು ಬರುವಷ್ಟರಲ್ಲಿ ಅವನು ಮನೆಯಲ್ಲಿರಬಾರದು.