ಹಕ್ಕು ಬಿಟ್ಟಿದೆ

ಪಂಪ್‌ಹೌಸ್ ಹಿಂದಿನ ಮನೆ,
ತಾರೀಖು ಹನ್ನೆರಡು, ಸೋಮವಾರ,
ಬೆಳಗಿನ ನೀರು ಬಿಟ್ಟು ಬಂದ ಮೇಲೆ

ಪ್ರೀತಿಯ ಅಪ್ಪಾ,

ಕಾಲು ಈಗ ಹೇಗಿದೆ? ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದೆಯೆಂದು ಆಸ್ಪತ್ರೆಯಿಂದ ಮಾವ ಫೋನಿನಲ್ಲಿ ಹೇಳಿದ. ಹಿಂದಿನಿಂದ ನೀನು ‘ನಾಲ್ಕಲ್ಲ, ಏಳು!’ ಎಂದು ಕೂಗಿದ್ದು ನನಗೂ ಕೇಳಿಸಿತು. ಡಾಕ್ಟರು ಹೇಳುವ ಮೊದಲೇ ಮೆಟ್ಟಿಲು ಹತ್ತಲು ಹೋಗಬೇಡ. ವ್ಯಾಯಾಮ ಮಾಡಿಸುವ ಹುಡುಗಿಯನ್ನು ಗದರಿಸಬೇಡ, ಅವಳಿಗೂ ನನ್ನಷ್ಟೇ ವಯಸ್ಸಂತೆ. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಖಾಕಿ ಅಂಗಿಯ ಹರಿದ ಜೇಬು ಹೊಲಿದು, ಬೀದಿ ಕೊನೆಯ ಇಸ್ತ್ರಿ ಅಜ್ಜಿಯಿಂದ ಇಸ್ತ್ರಿ ಮಾಡಿಸಿ ಮೊಳೆಗೆ ನೇತುಹಾಕಿದ್ದಾಳೆ. ದಿನಾ ಅದರ ಧೂಳು ಕೊಡವುತ್ತಾಳೆ. ‘ಅಪ್ಪನಿಗೂ ಇಷ್ಟು ಉಪಚಾರ ಮಾಡಿರಲಿಲ್ಲ ನೀನು’ ಅಂದಿದ್ದಕ್ಕೆ ಬೆನ್ನಿಗೊಂದು ಗುದ್ದು ಬಿತ್ತು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಮೂರು ಕೇಳುತ್ತೀಯ, ನನಗೆ ಬಾಯಿ ಕಟ್ಟಿಹೋಗುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ. ನಾಲ್ಕನೇ ಕ್ಲಾಸಿಗೆ ನಿಂತ ಅಕ್ಷರ, ತಪ್ಪಿದ್ದಲ್ಲಿ ನೀನೇ ತಿದ್ದಿ ಓದಿಕೋ.

ವಿಷಯ ನಿನ್ನ ಪುಸ್ತಕದ್ದು. ಮೂವತ್ತೊಂದು ವರ್ಷ ಊರಿಗೆ ನೀರು ಬಿಡುತ್ತಾ ನೀನು ಬರೆದಿಟ್ಟ ನೀಲಿ ರಟ್ಟಿನ ಪುಸ್ತಕ. ಯಾವ ಬೀದಿಯ ಕೆಳಗೆ ಯಾವ ಪೈಪು, ಯಾವ ವಾಲ್ವಿಗೆ ಎಷ್ಟು ಸುತ್ತು, ಯಾವ ದಿನ ಎಷ್ಟು ಹೊತ್ತಿಗೆ ಯಾರ ಮನೆಗೆ ನೀರು, ಎಲ್ಲವೂ ಅದರಲ್ಲಿದೆ. ನೀನು ವಾಲ್ವ್ ಚೇಂಬರಿನ ಗುಂಡಿಯಲ್ಲಿ ಜಾರಿ ಕಾಲು ಮುರಿದುಕೊಂಡ ಮೇಲೆ ನನ್ನನ್ನು ದಿನಗೂಲಿಗೆ ತೆಗೆದುಕೊಂಡರಲ್ಲ, ಆಗ ನನಗೆ ಗುರು ಅಂತ ಇದ್ದದ್ದು ಆ ಪುಸ್ತಕ ಒಂದೇ. ಮಾರ್ಕೆಟ್ ತಿರುವಿನ ಎರಡು ವಾಲ್ವಿಗೆ ನೀನು ‘ಅತ್ತೆ’, ‘ಸೊಸೆ’ ಎಂದು ಹೆಸರಿಟ್ಟಿದ್ದೀಯ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಅತ್ತೆಯನ್ನು ಕಟ್ಟದೆ ಸೊಸೆಯನ್ನು ಬಿಡಬೇಡ, ಮನೆ ಒಡೆದೀತು’ ಎಂದು ಬರೆದಿದ್ದೀಯ. ಮೊದಲ ದಿನ ಅದನ್ನು ಓದಿ ರಸ್ತೆ ಮಧ್ಯೆ ಒಬ್ಬಳೇ ನಕ್ಕಿದ್ದೆ. ಸೈಕಲ್ಲಿನವನೊಬ್ಬ ನಿಂತು ನೋಡಿ ಹೋದ.

ನಕ್ಷೆ ಮೇಷ್ಟ್ರು ಮತ್ತು ವಕೀಲಮ್ಮ ನಮ್ಮ ಮನೆಗೆ ಬಂದದ್ದು ನಿನಗೆ ಗೊತ್ತು. ಜನರ ಕೆಲಸಕ್ಕಾಗಿ ಕಲೆಹಾಕಿದ ತಿಳಿವಳಿಕೆ ಜನರಿಗೆ ತೆರೆದೇ ಇರಬೇಕು, ಅದಕ್ಕೆ ಯಾರೂ ಬೀಗ ಹಾಕಬಾರದು, ಹಾಗೆಂದು ಪ್ರಾಂತ್ಯ ಮಂಡಳಿ ಒಂದು ನೀತಿ ಮಾಡಬೇಕು ಎಂದು ಅವರು ನಾಲ್ಕು ವರ್ಷದಿಂದ ಚಪ್ಪಲಿ ಸವೆಸುತ್ತಿದ್ದರು. ಮಂಡಳಿಯವರು ‘ಒಂದು ಉದಾಹರಣೆ ತೋರಿಸಿ’ ಅಂದರಂತೆ. ಇವರಿಗೆ ನಿನ್ನ ಪುಸ್ತಕ ಸಿಕ್ಕಿತು. ನಾನು ಫೋನಿನಲ್ಲಿ ಕೇಳಿದಾಗ ನೀನು ಹೇಳಿದ ಮಾತನ್ನು ಮೇಷ್ಟ್ರು ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾರೆ: ‘ನೀರೇನು ನಮ್ಮಪ್ಪಂದಾ? ಹಾಕು, ಎಲ್ಲರಿಗೂ ಕಾಣೋ ಹಾಗೆ ಹಾಕು.’

ಹಾಕಿದೆವು ಅಪ್ಪಾ. ನಿನ್ನ ಅಕ್ಷರ ನನಗೊಬ್ಬಳಿಗೇ ಓದಲು ಬರುತ್ತದಾದ್ದರಿಂದ ನಾನು ಓದಿದೆ, ಮೇಷ್ಟ್ರು ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕೆ ಇಟ್ಟರು. ಎರಡು ತಿಂಗಳು, ಮಧ್ಯಾಹ್ನದ ಹೊತ್ತು, ಅವರ ಮನೆಯ ಜಗಲಿಯಲ್ಲಿ ಕೂತು ಮುಗಿಸಿದೆವು. ಆಮೇಲೆ ಯಾರು ಬೇಕಾದರೂ ಫೋನು ತೆರೆದು ತಮ್ಮ ಬೀದಿಗೆ ನೀರು ಯಾವಾಗ ಎಂದು ನೋಡಬಹುದಿತ್ತು. ಫೋನಿಲ್ಲದವರಿಗೆ ಇಸ್ತ್ರಿ ಅಜ್ಜಿಯ ಮೊಮ್ಮಗಳು ಕಾಗದದಲ್ಲಿ ಬರೆದು ಅಂಗಡಿ ಬಾಗಿಲಿಗೆ ಅಂಟಿಸುತ್ತಿದ್ದಳು. ಒಂದಿಷ್ಟು ದಿನ ಯಾರೂ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಬೈಯಲಿಲ್ಲ.

ಮಂಡಳಿಯ ಸಭೆಗೆ ನನ್ನನ್ನೂ ಕರೆದುಕೊಂಡು ಹೋದರು. ಎತ್ತರದ ಸೀಲಿಂಗಿನ ಕೋಣೆ, ಉದ್ದ ಮೇಜು, ಒಬ್ಬೊಬ್ಬರ ಮುಂದೆ ಒಂದೊಂದು ನೀರಿನ ಬಾಟಲಿ. ‘ನೀನೇ ಎರಡು ಮಾತು ಹೇಳಮ್ಮ, ನಾವು ಹೇಳಿದ್ದು ಅವರಿಗೆ ಹಳತಾಗಿದೆ’ ಎಂದು ವಕೀಲಮ್ಮ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ‘ನಮಸ್ಕಾರ’ ಅಂದೆ. ಆಮೇಲೆ ಏನೂ ಬರಲಿಲ್ಲ. ಮೇಜಿನ ತುದಿಯಲ್ಲಿದ್ದ ಗುಮಾಸ್ತ ‘ವಾಲ್ವ್ ಸಿಕ್ಕಾಕ್ಕೊಂಡಿದೆ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಇದ್ದಿದ್ದರೆ ಚೆನ್ನಾಗಿತ್ತು. ಆದರೂ ಆ ದಿನ ನೀತಿ ಪಾಸಾಯಿತು. ಮೇಷ್ಟ್ರು ಹೊರಗೆ ಬಂದು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು.

ವಾರದ ಮೇಲೆ ಅದೇ ಗುಮಾಸ್ತ ಪಂಪ್‌ಹೌಸಿಗೆ ಒಂದು ಫಾರಂ ತಂದ. ಪುಸ್ತಕ ನೀತಿಯ ಕೆಳಗೆ ಬರಬೇಕಾದರೆ ಅದು ಬೇಕಂತೆ, ಸಂಜೆಯೊಳಗೆ ಕೊಡಬೇಕಂತೆ. ಆವತ್ತು ನಿನಗೆ ಎರಡನೇ ಆಪರೇಷನ್. ವಕೀಲಮ್ಮ ಊರಲ್ಲಿರಲಿಲ್ಲ. ನಾನು ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ. ದೊಡ್ಡ ದೊಡ್ಡ ಪದಗಳು ಅರ್ಥವಾಗಲಿಲ್ಲ. ಕೊನೆಯ ಸಾಲು ಮಾತ್ರ ಚೆನ್ನಾಗಿ ಅರ್ಥವಾಯಿತು: ‘ಸದರಿ ದಾಖಲೆಯ ಮೇಲಿನ ಎಲ್ಲ ಹಕ್ಕನ್ನು ಈ ಮೂಲಕ ಬಿಟ್ಟಿದೆ.’

ನಮ್ಮ ಮನೆಯಲ್ಲಿ ಬಿಟ್ಟಿದೆ ಅಂದರೆ ಏನಪ್ಪಾ? ನಿನ್ನ ಪುಸ್ತಕದ ಪುಟಪುಟದಲ್ಲೂ ಇರುವುದು ಎರಡೇ ಮಾತು. ‘ಕಟ್ಟಿದೆ’ ಅಂದರೆ ನೀರಿಲ್ಲ. ‘ಬಿಟ್ಟಿದೆ’ ಅಂದರೆ ಕೊನೆಯ ಮನೆಯ ಕೊಡಕ್ಕೂ ನೀರು. ನಾನು ಹುಟ್ಟಿದಾಗಿನಿಂದ ನೀನು ಬಾಗಿಲಲ್ಲಿ ನಿಂತು ‘ಬಿಟ್ಟಿದೆ ಕಣ್ರೋ!’ ಎಂದು ಕೂಗಿದರೆ ಬೀದಿಗೆ ಬೀದಿಯೇ ಎದ್ದು ಓಡುತ್ತಿತ್ತು. ಹಕ್ಕು ಬಿಟ್ಟಿದೆ ಎಂದಾಗ ನನಗೆ ಹಾಗೇ ಕೇಳಿಸಿತು. ಎಲ್ಲರ ಮನೆಗೂ ಬಿಟ್ಟಿದ್ದಾರೆ ಅಂದುಕೊಂಡೆ. ಸಂತೋಷದಿಂದಲೇ ಸಹಿ ಹಾಕಿ ಕೊಟ್ಟೆ. ಪುಸ್ತಕವನ್ನೂ ಕೊಟ್ಟೆ.

ಆ ‘ಬಿಟ್ಟಿದೆ’ ಅಂದರೆ ಕೈಬಿಟ್ಟದ್ದು ಎಂದು ಆಮೇಲೆ ಗೊತ್ತಾಯಿತು. ನೀನು ಬಿಟ್ಟೆ, ಮಂಡಳಿ ಹಿಡಿದುಕೊಂಡಿತು, ಹಿಡಿದದ್ದನ್ನು ಗುತ್ತಿಗೆ ಕಂಪನಿಗೆ ಕೊಟ್ಟಿತು. ನೀತಿಯೊಳಗೇ ಅದಕ್ಕೊಂದು ಸಂದು ಇತ್ತಂತೆ, ಪಾಸಾಗುವ ದಿನ ಬೆಳಿಗ್ಗೆ ಸೇರಿಸಿದ್ದರಂತೆ. ಕಂಪನಿಯ ನೋಟಿಸು ಬಂತು, ಮೇಷ್ಟ್ರು ತಾವೇ ಇಟ್ಟ ಚುಕ್ಕೆಗಳನ್ನು ತಾವೇ ಅಳಿಸಿದರು. ಅಜ್ಜಿಯ ಅಂಗಡಿ ಬಾಗಿಲಿನ ಕಾಗದವನ್ನೂ ಕಂಪನಿಯವರು ಕೀಳಿಸಿದರು. ಈಗ ನೀರಿನ ಹೊತ್ತು ತಿಳಿಯಬೇಕಾದರೆ ಕಂಪನಿಯ ಆ್ಯಪ್ ಹಾಕಿಕೊಳ್ಳಬೇಕು. ಅದು ಹೆಸರು, ಫೋನ್ ನಂಬರು, ಮನೆಯಲ್ಲಿ ಎಷ್ಟು ಜನ, ಎಲ್ಲಿ ಕೆಲಸ, ಎಲ್ಲವನ್ನೂ ಕೇಳುತ್ತದೆ. ಇಸ್ತ್ರಿ ಅಜ್ಜಿ ನನ್ನನ್ನೇ ನಿಲ್ಲಿಸಿ ಕೇಳಿದಳು: ‘ಕೊಡ ತುಂಬಿಸ್ಕೊಳ್ಳೋಕೆ ನಾನು ಹುಟ್ಟಿದ ತಾರೀಖು ಯಾಕೆ ಬೇಕೇ ಇವ್ರಿಗೆ? ನಮ್ಮಮ್ಮಂಗೇ ಗೊತ್ತಿರ್ಲಿಲ್ಲ ಅದು!’ ಮತ್ತೆ ‘ನಿಮ್ಮಪ್ಪ ಇದ್ದಾಗ ಕೂಗಿ ಹೇಳ್ತಿದ್ದ’ ಅಂದು ಒಳಗೆ ಹೋದಳು.

ಕಂಪನಿಯವರು ನಿನ್ನ ಹೆಸರುಗಳನ್ನೆಲ್ಲ ತೆಗೆದು ನಂಬರು ಹಾಕಿದ್ದಾರೆ. ಕೆಂಪು ಶಾಯಿಯ ಮಾತುಗಳನ್ನು ‘ಅನಗತ್ಯ’ ಎಂದು ಬಿಟ್ಟಿದ್ದಾರೆ. ಹೋದ ಬುಧವಾರ, ಮಾರ್ಕೆಟ್ ಕಡೆಗೆ ಅವರು ಹಾಕಿದ ಹೊಸ ಮನುಷ್ಯ ನಲವತ್ತೊಂದನ್ನು ಕಟ್ಟದೆ ನಲವತ್ತೆರಡನ್ನು ತಿರುಗಿಸಿದ. ಮಾರ್ಕೆಟ್ ತಿರುವಿನ ಪೈಪು ಒಡೆದು, ಕೆಳಗಿನ ಬೀದಿಯ ಹದಿನಾಲ್ಕು ಮನೆಗೆ ಆರು ದಿನದಿಂದ ನೀರಿಲ್ಲ. ನಾನು ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗಿ ನಿಲ್ಲುತ್ತೇನೆ. ಬೈಸಿಕೊಳ್ಳಲಾದರೂ ಒಬ್ಬರು ಬೇಕಲ್ಲ.

ಪುಸ್ತಕವನ್ನು ಒಮ್ಮೆ ನೋಡಿಕೊಂಡು ಬರೋಣ ಎಂದು ದಾಖಲೆ ಕೋಣೆಗೆ ಹೋಗಿದ್ದೆ. ಗುಮಾಸ್ತ ‘ನೀನು ಯಾರು ಅದಕ್ಕೆ?’ ಅಂದ. ‘ಬರೆದವರ ಮಗಳು’ ಅಂದೆ. ‘ಅರ್ಜಿ ಹಾಕು, ಕಂಪನಿ ಒಪ್ಪಿದ್ರೆ ತೋರಿಸ್ತೀವಿ’ ಅಂದ. ಕಪಾಟಿನ ಗಾಜಿನ ಹಿಂದೆ ನೀಲಿ ರಟ್ಟು ಕಾಣುತ್ತಿತ್ತು. ಮೇಷ್ಟ್ರು ಈಗ ಮನೆಯಿಂದ ಹೊರಗೆ ಬರುವುದಿಲ್ಲ. ‘ಬಾಗಿಲು ತೆಗೀರಿ ತೆಗೀರಿ ಅಂತ ಬಡಿದೆವು, ಕಳ್ಳನಿಗೇ ತೆಗೆದುಕೊಟ್ಟೆವು’ ಅನ್ನುತ್ತಾರೆ. ನಾನು ಹೋದರೆ ಕಾಫಿ ಕೊಡುತ್ತಾರೆ, ನನ್ನ ಮುಖ ಮಾತ್ರ ನೋಡುವುದಿಲ್ಲ. ವಕೀಲಮ್ಮ ಇನ್ನೂ ಓಡಾಡುತ್ತಿದ್ದಾರೆ. ಶುಕ್ರವಾರ ಮಂಡಳಿಯ ಮುಂದೆ ಕೊನೆಯ ವಿಚಾರಣೆ ಇದೆ.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು. ಮಾವನಿಗೆ ನನ್ನ ನಮಸ್ಕಾರ, ಅವನು ರಾತ್ರಿ ಗೊರಕೆ ಹೊಡೆದರೆ ಮಗ್ಗುಲು ಬದಲಿಸು ಅನ್ನು, ಬೈಯಬೇಡ. ಔಷಧಿ ತಪ್ಪಿಸಬೇಡ. ನಿನ್ನ ಕಾಲು ಮುಟ್ಟಿ ನಮಸ್ಕರಿಸುತ್ತೇನೆ, ನೋವಿರುವ ಕಾಲನ್ನು ಮೆಲ್ಲಗೆ.

ನಿನ್ನ ಮಗಳು,
ಪಿಸುಗುಬ್ಬಿ

ತಾ.ಕ.: ಪೋಸ್ಟಿನವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಫಾರಂ ಮೇಲೆ ಇರುವುದು ನನ್ನ ಹೆಸರಲ್ಲ ಅಪ್ಪಾ. ‘ಬರೆದವರ ಸಹಿ’ ಎಂದಿತ್ತು, ನಾನು ನಿನ್ನ ಸಹಿ ಹಾಕಿದೆ. ನಿನ್ನ ಅಕ್ಷರ ನನ್ನ ಕೈಗೆ ಅಷ್ಟು ಚೆನ್ನಾಗಿ ಬರುತ್ತದೆ. ನಿನ್ನೆ ವಕೀಲಮ್ಮ, ‘ಬರೆದವರೇ ಸಹಿ ಹಾಕಿಲ್ಲ ಅಂತಾದ್ರೆ ಫಾರಂ ಬಿದ್ದುಹೋಗುತ್ತೆ, ಪುಸ್ತಕ ವಾಪಸ್ ಬರುತ್ತೆ. ಏನ್ ಮಾಡೋದು, ನಿಮ್ಮಪ್ಪ ಹಾಕಿದ್ದಾರಲ್ಲ’ ಅಂದರು. ನಾನು ತಲೆ ತಗ್ಗಿಸಿಕೊಂಡು ಬಂದೆ. ‘ಈ ಸಹಿ ನನ್ನದಲ್ಲ, ನನ್ನ ಮಗಳು ನನ್ನನ್ನು ಕೇಳದೆ ಹಾಕಿದ್ದು’ ಎಂದು ನಿನ್ನ ಕೈಯಾರೆ ಬರೆದು ವಕೀಲಮ್ಮನ ವಿಳಾಸಕ್ಕೆ ಕಳಿಸು. ಈ ಕೆಲಸ ಹೋಗುತ್ತದೆ, ಕೇಸೂ ಆಗಬಹುದು, ಅಮ್ಮನಿಗೆ ಹೇಳಿಲ್ಲ. ‘ಅವಳು ಚಿಕ್ಕವಳು, ಕ್ಷಮಿಸಿ’, ‘ನಾನೇ ಹೇಳಿದ್ದೆ’ ಅಂತೆಲ್ಲ ಸೇರಿಸಬೇಡ. ನೀನು ಒಪ್ಪಿದ್ದೆ ಅಂತಾದರೆ ಫಾರಂ ಉಳಿಯುತ್ತದೆ. ಗುರುವಾರದೊಳಗೆ ಮುಟ್ಟಬೇಕು.