ಹಿಟ್ಟಿನ ಮರಿಗೆಯಲ್ಲಿ ಸಿಕ್ಕಿದ್ದು

ಸುವೊದೋಲ್ ಹಳ್ಳಿ, ಪೂರ್ವ ಸರ್ಬಿಯಾ
10 ಮೇ 1984, ಗುರುವಾರ

ನನ್ನ ದೋಬ್ರಿವೊಯೆ, ಕಂದಾ,

ಕೆಮ್ಮು ಬಿಟ್ಟಿತೇ? ಬೂಟು ಕಚ್ಚಿದ ಗಾಯಕ್ಕೆ ಹಂದಿಯ ಕೊಬ್ಬು ಸವರು, ಸೈನ್ಯದ ಡಾಕ್ಟರು ನಕ್ಕರೆ ನಗಲಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಮ್ಮ ಹೊಸಿಲ ಕಲ್ಲು ತಾನಾಗಿ ಮೇಲೆದ್ದಿತ್ತು, ಕೆಳಗೆ ಏನೂ ಇರಲಿಲ್ಲ, ಬರೀ ತಣ್ಣನೆಯ ಗಾಳಿ. ನಿಮ್ಮಪ್ಪ ಆ ಕುಳಿಯೊಳಗೆ ಇಣುಕಿ ಯಾರನ್ನೋ ಕರೆಯುತ್ತಿದ್ದರು. ನಾನು ಅಂಗಿ ಹಿಡಿದು ಎಳೆದರೆ ಅಂಗಿ ಮಾತ್ರ ಕೈಗೆ ಬಂತು.

ಬೈಯಬೇಡ ಮಗಾ, ನಿನ್ನ ಹಾವು ತಪ್ಪಿಸಿಕೊಂಡಿತು. ಭಾನುವಾರ ನೀರು ಬದಲಿಸಲು ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದೆ, ಒಲೆಯ ಮೇಲೆ ಹಾಲು ಉಕ್ಕಿತು, ಓಡಿದೆ. ಬಂದು ನೋಡಿದರೆ ಪೆಟ್ಟಿಗೆ ಖಾಲಿ. ಮಂಚದ ಕೆಳಗೆ, ಬೂಟುಗಳೊಳಗೆ, ನಿನ್ನ ಅಕಾರ್ಡಿಯನ್ ಚೀಲದೊಳಗೆ, ಎಲ್ಲ ಕಡೆ ಹುಡುಕಿದೆವು. "ಹೆದರ್ಬೇಡ್ವೇ ಸ್ತಾಮೆಂಕಾ, ನಿನ್ ಮುಖ ನೋಡಿದ್ರೆ ಅದೇ ಓಡುತ್ತೆ" ಎಂದು ನಿಮ್ಮಪ್ಪನ ತಮಾಷೆ ಬೇರೆ. ಮಂಗಳವಾರ ರೊಟ್ಟಿಗೆ ನಾದಲು ಮರಿಗೆಯ ಮೇಲಿನ ಬಟ್ಟೆ ಸರಿಸುತ್ತೇನೆ, ಹಿಟ್ಟಿನ ಮೇಲೆ ಸುತ್ತಿಕೊಂಡು ಮಲಗಿದೆ! ಕಂದು ಬೆನ್ನು, ಹಳದಿ ಹೊಟ್ಟೆ, ಮೈಯೆಲ್ಲ ಹಿಟ್ಟು. ಜರಡಿ ಕವುಚಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ, ನಿಮ್ಮಪ್ಪನನ್ನು ಕೂಗಿದೆ. ಅವರು ಬಂದು ಅದನ್ನೆತ್ತಿ ಗಾಜಿನ ಪೆಟ್ಟಿಗೆಗೆ ಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು.

ಅಜ್ಜಿ ಕೋಲೂರಿಕೊಂಡು ಬಂದರು, ಗಾಜಿಗೆ ಮೂಗು ತಾಗಿಸಿದರು. "ಇದು ಹುಡುಗನ್ದಲ್ಲ ಕಣ್ರೋ. ಮನೆ ಕಾಯೋದು. ನಾನು ಮದ್ವೆಯಾಗಿ ಬಂದ ವರ್ಷ ಇದನ್ನೇ ಹೊಸಿಲಲ್ಲಿ ಕಂಡಿದ್ದೆ. ಬಿಡ್ರೋ ಅದನ್ನ." "ಅಮ್ಮಾ, ಎದುರಿಗೆ ನಿಂತ ನಾನೇ ನಿನಗೆ ಕಾಣಲ್ಲ" ಎಂದರು ನಿಮ್ಮಪ್ಪ. "ನಿನ್ನಲ್ಲಿ ಕಾಣೋಕೆ ಏನಿದೆಯೋ, ಬೋಳು ತಲೆ! ಯಜಮಾನನ ಉಸಿರು ಅದರಲ್ಲಿರುತ್ತೆ, ಅದನ್ನ ಕೂಡಿಹಾಕಿ ನಗ್ತೀಯಲ್ಲ." ಅವರು ಇನ್ನೂ ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದ ಮನೆಯ ಮಿಲುಟಿನ್ ಒಲೆ ಕೆಡವುವಾಗ ಮನೆಹಾವಿಗೆ ಗುದ್ದಲಿ ಹಾಕಿದ್ದು, ದ್ರಾಕ್ಷಿ ಕೊಯ್ಲಿಗೆ ಮೊದಲೇ ಅವನನ್ನು ಮಣ್ಣು ಮಾಡಿದ್ದು ನಿನಗೂ ನೆನಪಿರಬೇಕು.

ನಿನ್ನೆ ನಿಮ್ಮಪ್ಪ ಏಣಿಯಿಂದ ಜಾರಿದರು. ಮೊಣಕಾಲು ತರಚಿದೆ, ಅಷ್ಟೇ, ಗಾಬರಿಯಾಗಬೇಡ. ಅಜ್ಜಿ ಏನೂ ಅನ್ನಲಿಲ್ಲ, ನನ್ನ ಕಡೆ ನೋಡಿದರು. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ನಿನ್ನ ಹಾವಿಗೆ ಕುತ್ತಿಗೆಯ ಎಡಗಡೆ ಬೆಕ್ಕು ಪರಚಿದ ಗುರುತಿದೆ ಎಂದು ನೀನೇ ಹೇಳಿದ್ದೆ. ನಿಮ್ಮಪ್ಪ "ಇದೆ ಮಾರಾಯ್ತಿ, ಬಲಗಡೆ" ಅನ್ನುತ್ತಾರೆ. ನನ್ನ ಬಾಯಿ ಮುಚ್ಚಿಸಲು ಅವರು ಏನು ಬೇಕಾದರೂ ಅಂದಾರು. ಅಜ್ಜಿ ಇಲ್ಲವೇ ಇಲ್ಲ ಅನ್ನುತ್ತಾರೆ, ಅವರ ಕಣ್ಣು ಮಂಜು. ನಾನು ದೀಪ ಹಿಡಿದು ಎಷ್ಟು ಸಲ ಹೋದೆನೋ. ಅದು ತಲೆ ಎತ್ತುತ್ತದೆ, ನಾನು ಕಣ್ಣು ಮುಚ್ಚುತ್ತೇನೆ. ಬಿಟ್ಟುಬಿಟ್ಟು, ಅದು ನಿನ್ನದೇ ಆಗಿದ್ದರೆ, ಪೆನ್ಸಿಲ್ಲಿನಷ್ಟಿದ್ದಾಗಿನಿಂದ ಸಾಕಿದ ನಿನಗೆ ಯಾವ ಮುಖ ತೋರಿಸಲಿ? ಇಟ್ಟುಕೊಂಡು, ಅದು ಮನೆಯದ್ದಾಗಿದ್ದರೆ... ಬರೆಯಲಾರೆ. ಓದಿದವರು ಇದನ್ನು ಮೂಢನಂಬಿಕೆ ಎನ್ನಬಹುದು. ನನ್ನನ್ನು ನಾಲ್ಕನೆಯ ತರಗತಿಯಿಂದ ಬಿಡಿಸಿ ಕುರಿ ಹಿಂದೆ ಕಳಿಸಿದರು, ಹೆದರುವುದೊಂದೇ ನಾನು ಪೂರ್ತಿ ಕಲಿತದ್ದು.

ಹೊಟ್ಟೆ ತುಂಬ ತಿನ್ನು, ಒದ್ದೆ ಕಾಲುಚೀಲ ಹಾಕಬೇಡ. ಅಜ್ಜಿ ದೂರದಿಂದಲೇ ನಿನ್ನ ಹಣೆಗೆ ಶಿಲುಬೆ ಬರೆದಿದ್ದಾರೆ. ದೇವಮಾತೆ ನಿನ್ನನ್ನು ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ,
ಸ್ತಾಮೆಂಕಾ

ಮುಖ್ಯವಾದದ್ದೇ ಉಳಿಯಿತು. ಅಂಚೆಯವನು ಬೇಲಿಯ ಹತ್ತಿರ ನಿಂತಿದ್ದಾನೆ. ನಾಳೆ ನಿಮ್ಮಪ್ಪ ಹಂಚು ಹೊದಿಸಲು ಚರ್ಚಿನ ಗಂಟೆಗೋಪುರ ಹತ್ತುತ್ತಾರೆ. ಬೇಡವೆಂದು ಕೈ ಹಿಡಿದುಕೊಂಡೆ. "ಹಾವಿಗೆ ಹೆದರಿ ಮೇಸ್ತ್ರಿ ಮನೇಲಿ ಕೂತ ಅಂತ ಊರು ನಗ್ಬೇಕಾ?" ಅಂದರು. ಈಗಷ್ಟೇ ಹೋಗಿ ಮುಚ್ಚಳ ತೆಗೆದು, ಬಾಗಿಲನ್ನೂ ತೆರೆದಿಟ್ಟು ಬಂದೆ. ಅದು ಹೋಗುತ್ತಿಲ್ಲ. ಸಾಕಿದವರ ಕೈ ಬಿಡಲಾರದೆಯೋ, ತನ್ನದೇ ಮನೆಯಾದ್ದರಿಂದಲೋ? ನಿನ್ನ ಉತ್ತರ ಬರಲು ವಾರ ಬೇಕು, ಅಷ್ಟರಲ್ಲಿ ಅವರು ಹತ್ತಿ ಇಳಿದಿರುತ್ತಾರೆ. ಇಳಿದಿರಲಿ. ಆದರೂ, ಅದನ್ನು ಹೆಗಲಿಗೆ ಹಾಕಿಕೊಂಡ ಫೋಟೊ ನಿನ್ನ ಹತ್ತಿರ ಇದೆಯಲ್ಲ, ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡು ಮಗಾ, ಆ ಗುರುತು ಎಡಗಡೆಯೇ ಇದೆಯೇ?