ಬಿಚ್ಚಿದ ತೋಳು

ಪ್ರೀತಿಯ ಅಕ್ಕಾ,

ನಿನಗೆ ಓದಲು ಕಷ್ಟವಾಗದಿರಲೆಂದು ಅಕ್ಷರ ದಪ್ಪಗೆ ಬರೆದಿದ್ದೇನೆ. ನೀನು ಕಳಿಸಿದ ಕಾದಂಬರಿಯಲ್ಲಿ ಹನ್ನೊಂದನೇ ಪುಟ ದಾಟಿಲ್ಲ, ಬೈಯಬೇಡ.

ಒಂಬತ್ತು ಜನರ ಊಟದ ನಡುವೆ ಪ್ರಾರ್ಥನೆಗೆ ಪುರಸೊತ್ತೆಲ್ಲಿ? ಅದಕ್ಕೇ ನಿನ್ನ ಕಣ್ಣಿನ ಆಪರೇಷನ್ ಸುಸೂತ್ರವಾಗಲೆಂದು, ನಿನಗೆಂದು ಹಿಡಿದ ಸ್ವೆಟರಿನ ಒಂದೊಂದು ಕುಣಿಕೆಗೂ ಒಂದೊಂದು ಸಲ ದೇವರನ್ನು ಬೇಡುತ್ತ ಹೆಣೆಯುತ್ತಿದ್ದೆ.

ನಿನ್ನೆ ನಾನು ಬಡಿಸುತ್ತಿದ್ದಾಗ ಅತ್ತೆ, ಎಲ್ಲೋ ಒಂದು ಕುಣಿಕೆ ತಪ್ಪಿದೆಯೆಂದು ಇಡೀ ತೋಳು ಬಿಚ್ಚಿ ಉಂಡೆ ಸುತ್ತಿಬಿಟ್ಟರು. ಬೇಡಿದ್ದೂ ಬಿಚ್ಚಿಹೋಯಿತೇ ಅಕ್ಕಾ? ತಡೆಯಲಾರದೆ ಅವರಿಗೂ ಹೇಳಿಬಿಟ್ಟೆ.

ಇವತ್ತು ಒಲೆ ಆರಿಸಿ ಬಂದರೆ, ಅತ್ತೆ ತಾವೇ ತೋಳು ಹೆಣೆಯುತ್ತ ಕೂತಿದ್ದರು, ತುಟಿ ಅಲುಗುತ್ತಿತ್ತು. "ನಿಮ್ಮಕ್ಕಂದು ಎಡಗಣ್ಣೋ ಬಲಗಣ್ಣೋ? ಬರೆದು ಕೇಳು, ದೇವ್ರಿಗೆ ಸರಿಯಾಗಿ ಹೇಳ್ಬೇಕಲ್ಲ" ಅಂದರು.

ಮರುಟಪಾಲಿಗೇ ತಿಳಿಸು. ಅಲ್ಲಿಯವರೆಗೆ ಎರಡಕ್ಕೂ ಬೇಡುತ್ತಿರುತ್ತೇವೆ.

ನಿನ್ನ ತಂಗಿ